ಟ್ರಂಕಿನಲ್ಲಿರುವ ಭಾಷಣ ಯಾರದ್ದು?

ಪ್ರಶ್ನೆ: ನಮ್ಮ ತಂದೆ ಹೈಸ್ಕೂಲ್ ಮೇಷ್ಟ್ರಾಗಿದ್ದರು. ನಮ್ಮ ಕಡೆಯ ರಾಜಕಾರಣಿಯೊಬ್ಬರಿಗೆ ಸುಮಾರು 20 ವರ್ಷ ಭಾಷಣ ಬರೆದುಕೊಟ್ಟರು. ಹೊರಗೆ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ಒಂದು ಟ್ರಂಕಿನ ತುಂಬ ಕರಡುಗಳು ಸಿಕ್ಕಿವೆ. ಆ ರಾಜಕಾರಣಿಯೂ ಈಗಿಲ್ಲ. ‘ಇದೆಲ್ಲ ಅಪ್ಪನ ಮಾತು, ಅಪ್ಪನ ಹೆಸರಲ್ಲೇ ಪುಸ್ತಕ ಮಾಡೋಣ’ ಅಂತ ನನ್ನ ತಮ್ಮ ಹಟ ಹಿಡಿದಿದ್ದಾನೆ. ಈಚೆಗೆ ಅಮೆರಿಕದ ಅಧ್ಯಕ್ಷರೊಬ್ಬರಿಗೆ ಭಾಷಣ ಬರೆಯುತ್ತಿದ್ದವರ ನೆನಪುಗಳನ್ನು ಓದಿದೆ. ‘ಈ ಸಾಲು ನನ್ನದು, ಆ ಸಾಲೂ ನನ್ನದೇ’ ಅಂತ ಬರೆದುಕೊಂಡಿದ್ದಾರೆ. ಓದಿ ಇರುಸುಮುರುಸಾಯಿತು. ಹಾಗಾದರೆ ಜನ ಚಪ್ಪಾಳೆ ತಟ್ಟಿದ್ದು ಯಾರಿಗೆ? ಇಂಥ ಪುಸ್ತಕಗಳನ್ನು ಎಷ್ಟು ನಂಬಬಹುದು? ಅಪ್ಪನ ಪುಸ್ತಕ ನಾವು ಮಾಡಬಹುದಾ?
– ಓದುಗರು, ಸಕಲೇಶಪುರ

ಉತ್ತರ: ಮೊದಲು ಒಂದು ಮಾತು. ಟ್ರಂಕಿನ ಕಾಗದಗಳನ್ನು ಇನ್ನೂ ಯಾವ ಡಿಟಿಪಿ ಅಂಗಡಿಗೂ ಕೊಟ್ಟಿಲ್ಲ ತಾನೇ? ಕೊಡಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನೂ ನಿಮ್ಮ ತಂದೆಯವರ ಕಸುಬಿನವನೇ. ಹಾಸನದಲ್ಲಿ ಕನ್ನಡ ಪಾಠ ಮಾಡಿಕೊಂಡು 17 ವರ್ಷ ಒಬ್ಬ ನಾಯಕರಿಗೆ ಭಾಷಣ ಬರೆದೆ. ಹೆಸರು ಬೇಡ, ಅವರೂ ಹೋದರು. ಶಂಕುಸ್ಥಾಪನೆ, ಸಹಕಾರ ಸಂಘದ ವಾರ್ಷಿಕೋತ್ಸವ, ಕನ್ನಡ ರಾಜ್ಯೋತ್ಸವ, ಹೈಮಾಸ್ಟ್ ದೀಪದ ಉದ್ಘಾಟನೆ. ಹೀಗೆ ಎಲ್ಲದಕ್ಕೂ ಬರೆದಿದ್ದೇನೆ. ಒಂದೇ ದಿನ ಬೆಳಿಗ್ಗೆ ಮದುವೆ ಮಂಟಪದಲ್ಲಿ ಹಾರೈಕೆ, ಮಧ್ಯಾಹ್ನ ಶ್ರದ್ಧಾಂಜಲಿ ಸಭೆ. ಎರಡು ಚೀಟಿ ಅದಲುಬದಲಾಗದ ಹಾಗೆ ನೋಡಿಕೊಳ್ಳುವುದೂ ನನ್ನ ಕೆಲಸವೇ ಆಗಿತ್ತು.

ನಿಮ್ಮ ಮೊದಲನೇ ಪ್ರಶ್ನೆಗೆ ಪುಸ್ತಕದಿಂದ ಉತ್ತರ ಕೊಡುವ ಮುಂಚೆ ಒಂದು ಸಂಗತಿ ಹೇಳಬೇಕು.

ಒಂದು ವರ್ಷ ಮೇ ತಿಂಗಳಲ್ಲಿ ಆಲೂಗೆಡ್ಡೆ ಬೆಳೆಗಾರರ ಸಭೆ ಇತ್ತು. ಅದರ ಹಿಂದಿನ ವರ್ಷ ಅಂಗಮಾರಿ ಬಂದು ಹೊಲಕ್ಕೆ ಹೊಲವೇ ಕರಕಲಾಗಿತ್ತು. ನಾನು ನಾಲ್ಕು ಪುಟ ಬರೆದೆ. ಸರ್ವಜ್ಞನ ವಚನ ಒಂದು, ಅಂಕಿಅಂಶ ಸ್ವಲ್ಪ, ಸರ್ಕಾರದ ಪರಿಹಾರದ ಮಾತು, ಕೊನೆಯಲ್ಲಿ ‘ರೈತರ ಕಣ್ಣೀರು ಒರೆಸುತ್ತೇವೆ’ ಅನ್ನುವ ಸಾಲು. ನನಗೆ ಅದು ಬಹಳ ಇಷ್ಟವಾಗಿತ್ತು. ಹಿಂದಿನ ರಾತ್ರಿ ಓದಿಸಿದೆ. ಅವರು ಜೇಬಿನಿಂದ ಹಸಿರು ಇಂಕಿನ ಪೆನ್ನು ತೆಗೆದು ಆ ಸಾಲಿನ ಮೇಲೆ ಗೀಟು ಎಳೆದರು. ‘ಮೇಷ್ಟ್ರೇ, ಕಣ್ಣೀರು ಅಂತ ಬರೀಬೇಡಿ. ಮುಂದಿನ ಸಾಲಲ್ಲಿ ಅವರ ಹೆಂಡ್ತೀರು ಕೂತಿರ್ತಾರೆ. ಅವರ ಎದುರಿಗೆ ನಿಮ್ಮ ಗಂಡ ಅಳ್ತಾನೆ ಅಂತ ನಾನು ಹೇಳಲಾ?’ ಅಂದರು. ನನಗೆ ಮಾತು ಹೊರಡಲಿಲ್ಲ. 30 ವರ್ಷ ಕನ್ನಡ ಓದಿದವನಿಗೆ ಹೊಳೆಯದೇ ಇದ್ದದ್ದು ಅವರಿಗೆ ಹೊಳೆದಿತ್ತು.

ಮರುದಿನ ವೇದಿಕೆ ಮೇಲೆ ಹೋಗಿ ಅವರು ಆ ನಾಲ್ಕು ಪುಟವನ್ನೂ ಮಡಚಿ ಜೇಬಿಗೆ ಇಟ್ಟುಕೊಂಡರು. ಮೈಕು ಹಿಡಿದು ಮುಂದೆ ಕೂತವರನ್ನು ಕೇಳಿದರು: ‘ಜಲಂಧರದ ಬಿತ್ತನೆ ಗೆಡ್ಡೆ ಈ ಸಲ ಮೂಟೆಗೆ ಎಷ್ಟು ಕೊಟ್ರಿ?’ ಒಬ್ಬ ಒಂದು ರೇಟು ಹೇಳಿದ. ಇನ್ನೊಬ್ಬ ಎದ್ದು ನಿಂತು ಬೇರೆ ರೇಟು ಹೇಳಿದ. ಅರ್ಧ ಗಂಟೆ ಹೀಗೇ ನಡೆಯಿತು. ಸಭೆ ಮುಗಿದ ಮೇಲೂ ಜನ ಏಳಲಿಲ್ಲ.

ಭಾಷಣದ ಪ್ರತಿಯನ್ನು ನಾವು ಪತ್ರಿಕೆಯವರಿಗೆ ಮೊದಲೇ ಹಂಚಿದ್ದೆವು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅದೇ. ಸರ್ವಜ್ಞನ ವಚನ ಸಮೇತ. ಅವರು ಆಡದೇ ಇದ್ದ ಮಾತೆಲ್ಲ ಅಚ್ಚಾಗಿತ್ತು. ಆಡಿದ ಒಂದು ಮಾತೂ ಇರಲಿಲ್ಲ.

ಈಗ ಹೇಳಿ, ಆ ದಿನದ ಭಾಷಣ ಯಾರದ್ದು? ನನ್ನ ಹತ್ತಿರ ಕರಡು ಇದೆ, ಪತ್ರಿಕೆಯ ತುಣುಕೂ ಇದೆ. ನಾಳೆ ನನ್ನ ಮಗ ಟ್ರಂಕು ತೆಗೆದರೆ ‘ಇದು ನಮ್ಮಪ್ಪ ಬರೆದು, ಅವರು ಆಡಿದ ಭಾಷಣ’ ಅಂತ ಪ್ರಮಾಣ ಮಾಡಿ ಹೇಳುತ್ತಾನೆ. ಪೂರ್ತಿ ಸುಳ್ಳು. ಆದರೆ ಅವನು ಸುಳ್ಳುಗಾರ ಅಲ್ಲ. ಈ ಕಸುಬಿನ ನೆನಪುಗಳನ್ನು ಓದುವಾಗ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ.

ಅಮೆರಿಕದ ಕಡೆಗೆ ಹೋಗೋಣ. ಈ ಜಗಳ ಅಲ್ಲಿ ದೇಶದಷ್ಟೇ ಹಳೆಯದು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅಧಿಕಾರ ಬಿಡುವಾಗ ಜನರಿಗೆ ಒಂದು ಬೀಳ್ಕೊಡುಗೆ ಸಂದೇಶ ಕೊಟ್ಟರು. ಅವರು ಅದನ್ನು ನಿಂತು ಓದಲೇ ಇಲ್ಲ. 1796ರ ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೆ 1792ರಲ್ಲೇ ಜೇಮ್ಸ್ ಮ್ಯಾಡಿಸನ್ ಒಂದು ಕರಡು ಮಾಡಿದ್ದರು. ಆಮೇಲೆ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅದನ್ನು ದೊಡ್ಡದಾಗಿ ತಿದ್ದಿ ಬರೆದರು. ಹ್ಯಾಮಿಲ್ಟನ್ ಹೋಗಿ ಎಷ್ಟೋ ವರ್ಷ ಆದ ಮೇಲೆ, 1840ರಲ್ಲಿ, ಅವರ ಹೆಂಡತಿ ಎಲಿಜಬೆತ್ ‘ಅದು ನನ್ನ ಗಂಡ ಬರೆದದ್ದು, ಬರೆಯುವಾಗ ನನಗೆ ಓದಿ ಹೇಳುತ್ತಿದ್ದರು’ ಅಂತ ಹೇಳಿಕೆ ಬರೆಸಿಟ್ಟರು. ನಿಮ್ಮ ತಮ್ಮನ ಹಟ ನೋಡಿದಾಗ ನನಗೆ ಆ ತಾಯಿಯ ನೆನಪಾಯಿತು. ಮನೆಯವರಿಗೆ ಆ ಸಂಕಟ ಇದ್ದೇ ಇರುತ್ತದೆ. ಹಗಲೂ ರಾತ್ರಿ ಬರೆದದ್ದನ್ನು ಕಣ್ಣಾರೆ ನೋಡಿರುತ್ತಾರೆ ಅಲ್ವಾ?

ಸಂಬಳಕ್ಕೆ ಭಾಷಣ ಬರೆಯುವವರು ಶ್ವೇತಭವನಕ್ಕೆ ಬಂದದ್ದು 1921ರಲ್ಲಿ, ಅಧ್ಯಕ್ಷ ಹಾರ್ಡಿಂಗ್ ಕಾಲದಲ್ಲಿ. ಜಡ್ಸನ್ ವೆಲಿವರ್ ಅನ್ನುವ ಪತ್ರಕರ್ತರನ್ನು ನೇಮಿಸಿಕೊಂಡರು. ಅವರ ಹುದ್ದೆಯನ್ನು ‘ಸಾಹಿತ್ಯ ಗುಮಾಸ್ತ’ ಅಂತ ಕರೆಯುತ್ತಿದ್ದರಂತೆ. ಎಂಥ ಚಂದದ ಹೆಸರು! ನನ್ನನ್ನು ನಮ್ಮ ಕಡೆ ‘ಚೀಟಿ ಮೇಷ್ಟ್ರು’ ಅಂತಿದ್ದರು.

ಆಗಿನವರಿಗೆ ಒಂದು ಕಟ್ಟುಪಾಡು ಇತ್ತು. ಬರೆ, ಬಾಯಿ ಮುಚ್ಚು. ಅದನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಿದವರು ಕೆನಡಿಗೆ ಬರೆಯುತ್ತಿದ್ದ ಟೆಡ್ ಸೊರೆನ್ಸನ್. 1961ರ ಜನವರಿ 20ರಂದು ಕೆನಡಿ ಪ್ರಮಾಣವಚನ ತೆಗೆದುಕೊಂಡು ಆಡಿದ ಮಾತು ನಿಮಗೆ ಗೊತ್ತೇ ಇದೆ. ‘ದೇಶ ನಿಮಗೇನು ಮಾಡೀತು ಅಂತ ಕೇಳಬೇಡಿ, ದೇಶಕ್ಕೆ ನೀವೇನು ಮಾಡಬಲ್ಲಿರಿ ಅಂತ ಕೇಳಿ.’ ನಮ್ಮ ಜಿಲ್ಲೆಯ ಯಾವ ಶಾಲೆಗಾದರೂ ಆಗಸ್ಟ್ 15ಕ್ಕೆ ಹೋಗಿ, ಏಳನೇ ಕ್ಲಾಸಿನ ಒಂದು ಮಗುವಾದರೂ ಅದನ್ನು ಹೇಳುತ್ತದೆ. ಕೆಲವು ಸಲ ವಿವೇಕಾನಂದರ ಹೆಸರಲ್ಲಿ ಹೇಳುತ್ತದೆ, ಅದು ಬೇರೆ ವಿಷಯ. ‘ಆ ಸಾಲು ಬರೆದದ್ದು ನೀವೇನಾ?’ ಅಂತ ಸೊರೆನ್ಸನ್ ಅವರನ್ನು ಯಾರಾದರೂ ಕೇಳಿದರೆ ಅವರ ಉತ್ತರ ಇಂಗ್ಲಿಷಿನಲ್ಲಿ ಆ ಸಾಲು ಶುರುವಾಗುವ ಮಾತೇ: ‘ಕೇಳಬೇಡಿ.’

ಆದರೆ ಅದೇ ಸೊರೆನ್ಸನ್ ಇನ್ನೊಂದು ಕಡೆ ಸಿಕ್ಕಿಕೊಂಡರು. ಕೆನಡಿ ಸೆನೆಟರ್ ಆಗಿದ್ದಾಗ ಅವರ ಹೆಸರಲ್ಲಿ 1956ರಲ್ಲಿ ಒಂದು ಪುಸ್ತಕ ಬಂತು. ಧೈರ್ಯ ತೋರಿದ ಸೆನೆಟರ್‌ಗಳ ಕಥೆ. ಮರುವರ್ಷ ಪುಲಿಟ್ಜರ್ ಪ್ರಶಸ್ತಿಯೂ ಬಂತು. 1957ರ ಡಿಸೆಂಬರಿನಲ್ಲಿ ಟಿವಿಯಲ್ಲಿ ಒಬ್ಬ ಪತ್ರಕರ್ತ ‘ಅದು ಬೇರೆಯವರು ಬರೆದುಕೊಟ್ಟ ಪುಸ್ತಕ’ ಅಂದುಬಿಟ್ಟ. ಕೆನಡಿ ಕಡೆಯವರು ವಕೀಲರನ್ನು ಕರೆಸಿದರು. ಸೊರೆನ್ಸನ್ ‘ನಾನು ಲೇಖಕ ಅಲ್ಲ’ ಅಂತ ಪ್ರಮಾಣಪತ್ರ ಬರೆದುಕೊಟ್ಟರು. ಟಿವಿಯವರು ತಪ್ಪೊಪ್ಪಿಕೊಂಡರು. ಐವತ್ತು ವರ್ಷ ಕಳೆಯಿತು. ಸೊರೆನ್ಸನ್‌ಗೆ ಪಾರ್ಶ್ವವಾಯು ಬಡಿದು ಕಣ್ಣು ಬಹಳ ಮಟ್ಟಿಗೆ ಹೋಯಿತು. 2008ರಲ್ಲಿ, 80 ವರ್ಷದ ಅಂಚಿನಲ್ಲಿ, ತಮ್ಮ ನೆನಪುಗಳನ್ನು ಪ್ರಕಟಿಸಿದರು. ಅದರಲ್ಲಿ ಮೆಲ್ಲಗೆ ಒಪ್ಪಿಕೊಂಡರು: ಆ ಪುಸ್ತಕದ ಬಹುಪಾಲು ಅಧ್ಯಾಯಗಳ ಮೊದಲ ಕರಡು ನನ್ನದೇ.

ನಂಬಿಕೆಯ ಬಗ್ಗೆ ಕೇಳಿದ್ದೀರಿ. ಒಬ್ಬನೇ ಮನುಷ್ಯ, ಒಂದೇ ಪುಸ್ತಕ, ಎರಡು ಮಾತು. ಹಾಗಂತ ಅವರನ್ನು ಮೋಸಗಾರ ಅನ್ನಲು ನನಗೆ ಬಾಯಿ ಬರುವುದಿಲ್ಲ. ‘ಲೇಖಕ’ ಅನ್ನುವ ಮಾತನ್ನು ಅವರು 1957ರಲ್ಲಿ ಒಂದು ಅರ್ಥದಲ್ಲಿ ಹಿಡಿದಿದ್ದರು. ಏನು ಹೇಳಬೇಕು ಅಂತ ತೀರ್ಮಾನಿಸಿದವನು, ಹೇಳಿದ್ದಕ್ಕೆ ಬೈಸಿಕೊಳ್ಳಲು ತಯಾರಾಗಿ ನಿಂತವನು ಲೇಖಕ. ಮೊದಲ ಕರಡು ಬರೆದವನು ಸಹಾಯಕ. ಆ ಅರ್ಥ ಪೂರ್ತಿ ತಪ್ಪಲ್ಲ. ಆದರೆ ಪ್ರಶಸ್ತಿ ತೆಗೆದುಕೊಳ್ಳುವ ವಿಷಯಕ್ಕೆ ಬಂದಾಗ ನನಗೂ ಅದು ಗಂಟಲಲ್ಲಿ ಇಳಿಯುವುದಿಲ್ಲ. ಭಾಷಣ ಬೇರೆ, ಪುಸ್ತಕ ಬೇರೆ. ಭಾಷಣ ಆಡುವವನ ಹಿಂದೆ ಯಾರೋ ಇದ್ದಾರೆ ಅಂತ ಜನಕ್ಕೆ ಗೊತ್ತು. ಪುಸ್ತಕದ ಮೇಲಿನ ಹೆಸರನ್ನು ಹಾಗೆ ಓದುವುದಿಲ್ಲ.

ಅಧ್ಯಕ್ಷ ರೇಗನ್ ಕಾಲಕ್ಕೆ ಬಂದರೆ ಕಟ್ಟುಪಾಡು ಸಡಿಲವಾಯಿತು. ಅವರಿಗೆ ಭಾಷಣ ಬರೆಯುತ್ತಿದ್ದ ಪೆಗ್ಗಿ ನೂನನ್ 1990ರಲ್ಲೇ, ರೇಗನ್ ಅಧಿಕಾರ ಬಿಟ್ಟ ಮರುವರ್ಷವೇ, ಪುಸ್ತಕ ತಂದರು. ನೀವು ಓದಿದ್ದು ಅದೇ ಇರಲಿ ಬಿಡಲಿ, ಆ ಜಾತಿಯ ಪುಸ್ತಕಗಳಲ್ಲಿ ನನಗೆ ಅದು ಇಷ್ಟ. ಯಾಕೆಂದರೆ ಆಕೆ ತನ್ನ ಹಪಾಹಪಿಯನ್ನು ಮುಚ್ಚಿಡುವುದಿಲ್ಲ. ಕೆಲಸಕ್ಕೆ ಸೇರಿ ತಿಂಗಳುಗಟ್ಟಲೆ ಅಧ್ಯಕ್ಷರ ಮುಖ ನೋಡಲೂ ಆಗಲಿಲ್ಲವಂತೆ. ಒಂದು ದಿನ ಕರಡಿನ ಮೇಲೆ ರೇಗನ್ ಕೈಬರಹದಲ್ಲಿ ‘ವೆರಿ ಗುಡ್’ ಅಂತ ಬಂತಂತೆ. ಆ ತುಂಡನ್ನು ಕತ್ತರಿಸಿ ಅಂಗಿಗೆ ಅಂಟಿಸಿಕೊಂಡು ಓಡಾಡಿದರಂತೆ. ಓದಿ ನಕ್ಕೆ. ಆಮೇಲೆ ಸುಮ್ಮನಾದೆ. ನಮ್ಮ ನಾಯಕರು ಒಂದು ಸಲ ‘ಚೆನ್ನಾಗಿದೆ ಮೇಷ್ಟ್ರೇ’ ಅಂತ ಬರೆದು ಕಳಿಸಿದ್ದ ಹಾಳೆ ನನ್ನ ಬೀರುವಿನಲ್ಲಿ ಈಗಲೂ ಇದೆ.

ನೂನನ್ ಬರೆದದ್ದರಲ್ಲಿ ಜಾಸ್ತಿ ಹೆಸರಾದದ್ದು 1986ರ ಜನವರಿ 28ರ ಭಾಷಣ. ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸ್ಫೋಟಿಸಿ ಏಳು ಜನ ಸತ್ತರು. ಒಬ್ಬರು ಶಾಲಾ ಮೇಡಂ. ದೇಶದ ಮಕ್ಕಳು ಕ್ಲಾಸಿನಲ್ಲಿ ಕೂತು ನೇರಪ್ರಸಾರ ನೋಡುತ್ತಿದ್ದರು. ಆ ರಾತ್ರಿ ಸಂಸತ್ತಿನ ಎದುರು ವಾರ್ಷಿಕ ಭಾಷಣ ಇತ್ತು, ಅದನ್ನು ಮುಂದಕ್ಕೆ ಹಾಕಿದರು. ಕೆಲವೇ ಗಂಟೆಗಳಲ್ಲಿ ಬೇರೆ ಭಾಷಣ ಬೇಕಾಯಿತು. ಎರಡನೇ ಮಹಾಯುದ್ಧದಲ್ಲಿ 19ನೇ ವಯಸ್ಸಿಗೇ ಸತ್ತ ಒಬ್ಬ ಯುವ ಪೈಲಟ್ ಬರೆದಿದ್ದ ಪದ್ಯದ ಸಾಲಿನಿಂದ ನೂನನ್ ಅದನ್ನು ಮುಗಿಸಿದರು. ‘ದೇವರ ಮುಖ ಮುಟ್ಟಲು’ ಹೋದರು, ಅನ್ನುವ ಅರ್ಥದ ಮಾತು.

ಅಂದರೆ ಜನ ಅತ್ತದ್ದು ರೇಗನ್ ಮಾತಿಗೂ ಅಲ್ಲ, ನೂನನ್ ಮಾತಿಗೂ ಅಲ್ಲ, ಯಾವತ್ತೋ ಸತ್ತ ಹುಡುಗನ ಮಾತಿಗೆ! ಹಾಗಾದರೆ ನೂನನ್ ಮಾಡಿದ್ದೇನು? ಸರಿಯಾದ ಹೊತ್ತಿಗೆ ಸರಿಯಾದ ಸಾಲು ನೆನಪಿಸಿಕೊಂಡರು. ಮತ್ತೆ ಅದನ್ನು ಕಾಪಾಡಿದರು. ಕರಡು ಹತ್ತು ಟೇಬಲ್ ಸುತ್ತುವಾಗ ಒಬ್ಬ ಅಧಿಕಾರಿ ಆ ಸಾಲನ್ನು ತಿದ್ದಿದ್ದನಂತೆ. ಆಗ ಟಿವಿಯಲ್ಲಿ ಬರುತ್ತಿದ್ದ ಒಂದು ಟೆಲಿಫೋನ್ ಕಂಪನಿಯ ಜಾಹೀರಾತಿನ ಮಾತನ್ನು ಅಲ್ಲಿ ತುರುಕಲು ನೋಡಿದ್ದನಂತೆ. ಇದನ್ನು ಓದಿದಾಗ ನನಗೆ ನಗುವಿಗಿಂತ ಜಾಸ್ತಿ ಸಮಾಧಾನ ಆಯಿತು. ಅಂಥವರು ನಮ್ಮ ಕಡೆ ಮಾತ್ರ ಇದ್ದಾರೆ ಅಂತ ತಿಳಿದಿದ್ದೆ.

ನಾನು ಹೇಳಬೇಕಾದದ್ದು ಇಲ್ಲೇ ಇದೆ. ಈ ನೆನಪುಗಳಲ್ಲಿ ‘ನಾನು ಬರೆದೆ’ ಅನ್ನುವ ಸಾಲುಗಳನ್ನು ಬೇಗ ಓದಿ ಮುಂದೆ ಹೋಗಿ. ‘ಇದನ್ನು ಹೊಡೆದುಹಾಕಿದರು’ ಅನ್ನುವ ಸಾಲು ಬಂದಲ್ಲಿ ನಿಲ್ಲಿ. ಭಾಷಣದ ಒಡೆಯ ಯಾರು ಅಂತ ಗೊತ್ತಾಗುವುದು ಗೀಟು ಎಳೆದ ಪೆನ್ನಿನಿಂದ.

ರೇಗನ್ ಅವರದ್ದೇ ಬರ್ಲಿನ್ ಗೋಡೆಯ ಭಾಷಣ ನೋಡಿ. ಬರೆದವರು ಪೀಟರ್ ರಾಬಿನ್ಸನ್. ಆಗ ಅವರಿಗೆ ಸುಮಾರು 30 ವರ್ಷ. ಭಾಷಣಕ್ಕೆ ಮೊದಲು ಬರ್ಲಿನ್‌ಗೆ ಹೋಗಿದ್ದಾಗ ಒಂದು ಮನೆಯಲ್ಲಿ ರಾತ್ರಿ ಊಟ. ಆ ಮನೆಯ ಯಜಮಾನಿ ಸಿಟ್ಟಿನಿಂದ ಅಂದರಂತೆ: ಸೋವಿಯತ್ ನಾಯಕ ಗೋರ್ಬಚೇವ್ ಹೇಳುವುದೆಲ್ಲ ನಿಜವಾದರೆ ಈ ಗೋಡೆ ತೆಗೆಸಿ ತೋರಿಸಲಿ. ರಾಬಿನ್ಸನ್ ಅದನ್ನೇ ಹಿಡಿದು ‘ಮಿಸ್ಟರ್ ಗೋರ್ಬಚೇವ್, ಈ ಗೋಡೆ ಕೆಡವಿ’ ಅಂತ ಸಾಲು ಮಾಡಿದರು. ವಿದೇಶಾಂಗ ಇಲಾಖೆಯವರು, ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿಯವರು ಎಲ್ಲರೂ ಬೇಡ ಅಂದರು. ಆ ಸಾಲಿಲ್ಲದ ಬೇರೆ ಬೇರೆ ಕರಡು ಕಳಿಸುತ್ತಲೇ ಇದ್ದರು. ಎಲ್ಲರ ಕೈಯಲ್ಲೂ ಪೆನ್ನಿತ್ತು. ಕೊನೆಗೆ ಉಳಿಸಿದ್ದು ರೇಗನ್. 1987ರ ಜೂನ್ 12ರಂದು ಆಡಿಯೇ ಬಿಟ್ಟರು. ಹಾಗಾದರೆ ಮಾತು ಊಟ ಬಡಿಸಿದ ಆ ಹೆಂಗಸಿನದ್ದಾ, ರಾಬಿನ್ಸನ್‌ದಾ, ರೇಗನ್‌ದಾ? ನನ್ನ ಕೇಳಿದರೆ ರೇಗನ್‌ದು. ಅದನ್ನು ಹೊಡೆದುಹಾಕುವ ಅಧಿಕಾರ ಇದ್ದೂ ಅವರು ಹೊಡೆಯಲಿಲ್ಲ.

ಎರಡನೇ ಮಹಾಯುದ್ಧದ ಕಾಲದ ಅಧ್ಯಕ್ಷ ರೂಸ್‌ವೆಲ್ಟ್ ಇನ್ನೊಂದು ಬಗೆ. 1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿತ್ತು. ಅವರ ಖಾಯಂ ಬರಹಗಾರರಿಬ್ಬರೂ ಅವತ್ತು ಊರಲ್ಲಿ ಇರಲಿಲ್ಲ. ಸಂಜೆ ಕಾರ್ಯದರ್ಶಿಯನ್ನು ಕೂರಿಸಿಕೊಂಡು ತಾವೇ ಹೇಳಿ ಬರೆಸಿದರು. ಟೈಪಾಗಿ ಬಂದ ಹಾಳೆಯಲ್ಲಿ ಮೊದಲ ಸಾಲು ‘ಜಗತ್ತಿನ ಇತಿಹಾಸದಲ್ಲಿ ಉಳಿಯುವ ದಿನ’ ಅಂತ ಇತ್ತು. ಪೆನ್ಸಿಲು ತೆಗೆದು ‘ಜಗತ್ತಿನ ಇತಿಹಾಸ’ ಅನ್ನುವುದನ್ನು ಹೊಡೆದು ಮೇಲೆ ಒಂದೇ ಪದ ಬರೆದರು. ಆಗ ಅದು ‘ಕಳಂಕವಾಗಿ ಉಳಿಯುವ ದಿನ’ ಆಯಿತು. ಆ ಹಾಳೆ ಈಗಲೂ ಇದೆ, ಚಿತ್ರ ಸಿಗುತ್ತದೆ, ತೆಗೆದು ನೋಡಿ. ಎರಡು ಪದಕ್ಕೆ ಬದಲು ಒಂದು ಪದ. ಮೇಷ್ಟ್ರಾಗಿ ನನಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಇರಾಕ್, ಇರಾನ್, ಉತ್ತರ ಕೊರಿಯಾಗಳಿಗೆ ಅಧ್ಯಕ್ಷ ಬುಷ್ ಇಟ್ಟ ‘ದುಷ್ಟಕೂಟ’ ಅನ್ನುವ ಹೆಸರಿನ ಕಥೆ ಇದಕ್ಕೆ ಉಲ್ಟಾ. 2002ರ ಜನವರಿಯ ಭಾಷಣಕ್ಕೆ ಡೇವಿಡ್ ಫ್ರಮ್ ‘ದ್ವೇಷದ ಕೂಟ’ ಅನ್ನುವ ಅರ್ಥದಲ್ಲಿ ಬರೆದರು. ಮೈಕೆಲ್ ಗೆರ್ಸನ್ ಅದನ್ನು ‘ದುಷ್ಟಕೂಟ’ ಮಾಡಿದರು. ಫ್ರಮ್ ಹೆಂಡತಿ ಖುಷಿಯಲ್ಲಿ ‘ಅದು ನನ್ನ ಗಂಡನ ಮಾತು’ ಅಂತ ನೆಂಟರಿಷ್ಟರಿಗೆ ಇಮೇಲ್ ಮಾಡಿದರು, ಅದು ಪತ್ರಿಕೆಗೆ ಹೋಯಿತು. ಆಮೇಲೆ ಅವರವರಲ್ಲೇ ಪುಸ್ತಕ, ಲೇಖನ, ಜಗಳ. ತಾನೂ ಸೇರಿ ಮೂವರು ಒಂದೇ ಕಂಪ್ಯೂಟರ್ ಮುಂದೆ ಕೂತು ಬರೆದದ್ದನ್ನು ಗೆರ್ಸನ್ ಒಬ್ಬರೇ ಬರೆದ ಹಾಗೆ ಹೇಳಿಕೊಂಡರು ಅಂತ ಜೊತೆಯವರಾದ ಮ್ಯಾಥ್ಯೂ ಸ್ಕಲಿ 2007ರಲ್ಲಿ ಸಿಟ್ಟಾಗಿ ಬರೆದರು. ಆಸ್ತಿ ಪಾಲಿನ ಹಾಗೆ ಸಾಲಿಗೆ ಸಾಲು ಪಾಲು. ಆ ಮಾತಿನ ಹಿಂದೆಯೇ ಒಂದು ಯುದ್ಧ ಬಂತು. ಅದರ ಪಾಲು ಕೇಳಿದವರು ಯಾರೂ ಇಲ್ಲ.

ನಮ್ಮ ದೇಶದ್ದು ಬೇರೆಯೇ ಲೆಕ್ಕ. ಬಜೆಟ್ ಅಧಿವೇಶನಕ್ಕೆ ರಾಷ್ಟ್ರಪತಿ ಓದುವ ಭಾಷಣ ಸಂವಿಧಾನದ 87ನೇ ವಿಧಿಯ ಪ್ರಕಾರ ನಡೆಯುವಂಥದ್ದು. ಅದರಲ್ಲಿ ‘ನನ್ನ ಸರ್ಕಾರ’ ಅಂತ ಬಂದಾಗಲೆಲ್ಲ ಬರೆದದ್ದು ಆ ಸರ್ಕಾರವೇ. ರಾಜ್ಯಪಾಲರದ್ದೂ 176ನೇ ವಿಧಿಯಲ್ಲಿ ಹಾಗೇ. ಅವರ ಕೈಯಲ್ಲಿ ಪೆನ್ನಿಲ್ಲ, ಕನ್ನಡಕ ಮಾತ್ರ. ಅದಕ್ಕೇ ಕೆ.ಆರ್. ನಾರಾಯಣನ್ 2000ದ ಜನವರಿ 27ರಂದು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ಆಡಿದ ಮಾತು ಅಷ್ಟು ಸದ್ದು ಮಾಡಿತು. ಸಂವಿಧಾನ ನಮ್ಮನ್ನು ಸೋಲಿಸಿತಾ, ನಾವು ಸಂವಿಧಾನವನ್ನು ಸೋಲಿಸಿದೆವಾ ಅಂತ ಕೇಳಿದರು. ಸಂವಿಧಾನವನ್ನು ಪರಿಶೀಲಿಸಬೇಕು ಅಂತ ಸರ್ಕಾರ ಹೊರಟಿದ್ದ ಹೊತ್ತು ಅದು. ಬರೆದುಕೊಟ್ಟದ್ದನ್ನು ಓದುವವರು ಅಂತ ತಿಳಿದಿದ್ದವರಿಗೆ ಅವತ್ತು ಪೆನ್ನು ಯಾರದ್ದು ಅಂತ ಗೊತ್ತಾಯಿತು.

ನಮ್ಮ ಜಿಲ್ಲೆಯ ದೇವೇಗೌಡರು ಪ್ರಧಾನಿಯಾಗಿ 1996ರಲ್ಲಿ ಕೆಂಪುಕೋಟೆಯಿಂದ ಹಿಂದಿಯಲ್ಲಿ ಮಾತಾಡಿದ್ದು ಇಲ್ಲಿನ ಹಳಬರಿಗೆ ನೆನಪಿದೆ. ಹಿಂದಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ಕೊಟ್ಟಿದ್ದರು. ಆ ಹಾಳೆ ತಯಾರು ಮಾಡಿದವರ ಕಷ್ಟ ನನಗೆ ಗೊತ್ತು. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಮಹಾಪ್ರಾಣ ಒತ್ತಬೇಕು, ಎಲ್ಲವನ್ನೂ ಗುರುತು ಮಾಡಬೇಕು. ನಾನೂ ನುಡಿ ತಂತ್ರಾಂಶದಲ್ಲಿ 20 ಸೈಜಿನ ಅಕ್ಷರ ಹಾಕಿ, ಹಾಳೆಯ ಕೆಳಗಿನ ಕಾಲು ಭಾಗ ಖಾಲಿ ಬಿಡುತ್ತಿದ್ದೆ. ಕೆಳಗಿನ ತನಕ ತುಂಬಿದರೆ ಓದುವವರ ತಲೆ ಬಗ್ಗುತ್ತದೆ, ಮೈಕಿಗೆ ಗದ್ದ ಮಾತ್ರ ಸಿಗುತ್ತದೆ.

ಈಗ ನಾನು ಹೇಳಲು ಕಾಯುತ್ತಿದ್ದ ಮನುಷ್ಯರ ಬಗ್ಗೆ. ಎಚ್.ವೈ. ಶಾರದಾ ಪ್ರಸಾದ್. ಎಚ್ ಅಂದರೆ ಹೊಳೆನರಸೀಪುರ, ಹೇಮಾವತಿ ದಂಡೆಯ ನಮ್ಮ ಹೊಳೆನರಸೀಪುರವೇ. ಹುಟ್ಟಿದ್ದು 1924ರಲ್ಲಿ ಬೆಂಗಳೂರಿನಲ್ಲಿ, ಓದಿದ್ದು ಮೈಸೂರಿನಲ್ಲಿ. 1942ರ ಚಳವಳಿಯಲ್ಲಿ ಜೈಲು ಕಂಡವರು. ಆಮೇಲೆ ಪತ್ರಕರ್ತರಾದರು. 1966ರಿಂದ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರು. ನಡುವೆ ಜನತಾ ಸರ್ಕಾರದ ಕಾಲ ಬಿಟ್ಟರೆ ಇಂದಿರಾ ಇರುವ ತನಕ, ಆಮೇಲೆ ಕೆಲವು ವರ್ಷ ರಾಜೀವ್ ಗಾಂಧಿಗೂ. ಇಂದಿರಾ ಅವರ ಎಷ್ಟೋ ಭಾಷಣಗಳ ಹಿಂದೆ ಇದ್ದ ಕೈ ಅದು. ತುರ್ತು ಪರಿಸ್ಥಿತಿ ಕಾಲದಲ್ಲೂ ಅದೇ ಕಚೇರಿಯಲ್ಲಿದ್ದರು. ಅವರು ನೋಡಿದ್ದನ್ನು ಬರೆದಿದ್ದರೆ ದೆಹಲಿಯ ಪ್ರಕಾಶಕರು ಮನೆ ಮುಂದೆ ಸಾಲು ನಿಲ್ಲುತ್ತಿದ್ದರು. 2003ರಲ್ಲಿ ಅವರ ಪುಸ್ತಕವೂ ಬಂತು. ಹೆಸರು ‘ದಿ ಬುಕ್ ಐ ವೋಂಟ್ ಬಿ ರೈಟಿಂಗ್’. ಅಂದರೆ, ನಾನು ಬರೆಯದೇ ಇರುವ ಪುಸ್ತಕ! ಒಳಗೆ ಇರುವುದು ಬೇರೆ ಬೇರೆ ಪ್ರಬಂಧಗಳು. ಕಚೇರಿಯ ಗುಟ್ಟು ಬೇಕು ಅಂತ ತೆಗೆದವರಿಗೆ ನಿರಾಸೆ. 2008ರಲ್ಲಿ ತೀರಿಕೊಂಡರು. ಸೊರೆನ್ಸನ್ ಬಾಯಿ ಬಿಟ್ಟ ವರ್ಷವೇ ನಮ್ಮವರು ಬಾಯಿ ಬಿಡದೆ ಹೋದರು.

ಇದನ್ನು ನಾನು ಬರೀ ಮೆಚ್ಚಿಕೊಂಡು ಹೇಳುತ್ತಿಲ್ಲ. ಅವರ ಸಭ್ಯತೆ ದೊಡ್ಡದು, ಒಪ್ಪುತ್ತೇನೆ. ಆದರೆ ನಮಗೆ ನಷ್ಟವೂ ಆಯಿತು. ಒಂದು ಪ್ರಧಾನಿ ಕಚೇರಿಯಲ್ಲಿ ಯಾವ ಸಾಲು ಬಂತು, ಯಾವ ಸಾಲು ಹೋಯಿತು, ಯಾರು ಹೊಡೆದರು ಅನ್ನುವುದನ್ನು ಅಷ್ಟು ಹತ್ತಿರದಿಂದ ನೋಡಿದ ಕನ್ನಡಿಗ ಇನ್ನೊಬ್ಬರಿಲ್ಲ. ಅಮೆರಿಕದಲ್ಲಿ 1978ರ ಒಂದು ಕಾನೂನಿನಿಂದಾಗಿ, ರೇಗನ್ ಕಾಲದಿಂದ ಈಚೆಗೆ ಅಧ್ಯಕ್ಷರ ಕಾಗದಪತ್ರ ಎಲ್ಲ ಸರ್ಕಾರದ ಆಸ್ತಿ. ಕರಡುಗಳು ಗ್ರಂಥಾಲಯದಲ್ಲಿ ಇರುತ್ತವೆ. ನೂನನ್ ಆಗಲಿ ರಾಬಿನ್ಸನ್ ಆಗಲಿ ಜಂಬ ಕೊಚ್ಚಿಕೊಂಡರೆ ಯಾರಾದರೂ ಹೋಗಿ ಹಾಳೆ ತೆಗೆದು ತಾಳೆ ನೋಡಬಹುದು. ಇಲ್ಲಿ? ನನ್ನ 17 ವರ್ಷದ ಕರಡುಗಳಲ್ಲಿ ಬಹುಪಾಲು ಒಂದು ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿದ್ದವು. ಅಂಗಡಿಯವನು ಅದನ್ನು ಗುಜರಿಗೆ ಹಾಕಿದ. ತಿದ್ದಿದ ಹಾಳೆಗಳಲ್ಲಿ ಬೋಂಡಾ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೇ ಡಿಟಿಪಿಗೆ ಕೊಡಬೇಡಿ ಅಂದದ್ದು. ಅವರು ಅಂದವಾಗಿ ಟೈಪು ಮಾಡಿ ಕೊಡುತ್ತಾರೆ. ಗೀಟುಗಳೆಲ್ಲ ಮಾಯ.

ಕಾನೂನಿನ ವಿಷಯ ಒಂದು ಹೇಳಿಬಿಡುತ್ತೇನೆ, ನಿಮ್ಮ ತಮ್ಮನಿಗೆ ಹಿಡಿಸುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಸೆಕ್ಷನ್ನಿನಲ್ಲಿ ಭಾಷಣಕ್ಕೇ ಅಂತ ಒಂದು ಮಾತಿದೆ. ಸಾರ್ವಜನಿಕವಾಗಿ ಆಡಿದ ಭಾಷಣದ ಮೊದಲ ಒಡೆಯ ಅದನ್ನು ಆಡಿದವನು. ಇನ್ನೊಬ್ಬರ ಪರವಾಗಿ ಆಡಿದ್ದರೆ ಆ ಇನ್ನೊಬ್ಬರು. ಆ ಹಕ್ಕು ಸತ್ತ ಮೇಲೂ 60 ವರ್ಷ ಇರುತ್ತದೆ, ವಾರಸುದಾರರಿಗೆ ಹೋಗುತ್ತದೆ. ಅಂದರೆ ವೇದಿಕೆ ಮೇಲೆ ಆಡಿದ ಭಾಷಣಗಳ ಮಟ್ಟಿಗೆ ಆ ರಾಜಕಾರಣಿಯ ಮನೆಯವರ ಒಪ್ಪಿಗೆ ಕೇಳುವುದು ಕ್ಷೇಮ. ಆಡದೇ ಉಳಿದ ಕರಡುಗಳು, ನಿಮ್ಮ ತಂದೆ ತಮಗಾಗಿ ಬರೆದುಕೊಂಡ ಟಿಪ್ಪಣಿ, ಡೈರಿ, ಇವುಗಳ ಕಥೆ ಬೇರೆ. ಅಚ್ಚಿಗೆ ಹೋಗುವ ಮುಂಚೆ ಒಬ್ಬ ವಕೀಲರಿಗೆ ಎಲ್ಲವನ್ನೂ ತೋರಿಸಿ.

ಆದರೆ ಪುಸ್ತಕ ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ಮಾಡಿ. ‘ಅಪ್ಪನ ಭಾಷಣಗಳು’ ಅಂತ ಮಾಡಬೇಡಿ, ಅಷ್ಟೇ. 20 ವರ್ಷದ ಶಂಕುಸ್ಥಾಪನೆ ಭಾಷಣಗಳನ್ನು ಯಾರು ಓದುತ್ತಾರೆ? ನಾನೂ ಓದಲ್ಲ. ಚಿಕ್ಕಮಗಳೂರಿನ 1978ರ ಉಪಚುನಾವಣೆ ನೋಡಿದವರನ್ನು ಕೇಳಿ, ಇಂದಿರಾ ಗಾಂಧಿ ಯಾವ ಊರಲ್ಲಿ ಏನು ಭಾಷಣ ಮಾಡಿದರು ಅಂತ. ಒಬ್ಬರಿಗೂ ನೆನಪಿಲ್ಲ. ‘ಏಕ್ ಶೇರ್ನಿ, ಸೌ ಲಂಗೂರ್’ (ಒಂದು ಹೆಣ್ಣು ಸಿಂಹ, ನೂರು ಮುಸುವ) ಅನ್ನುವ ಘೋಷಣೆ ಮಾತ್ರ ಎಲ್ಲರ ಬಾಯಲ್ಲೂ ಇದೆ. ಅದನ್ನು ಬರೆದವರು ಯಾರು ಅಂತ ಯಾರೂ ಕೇಳಲ್ಲ.

ಟ್ರಂಕಿನಲ್ಲಿ ಹುಡುಕಬೇಕಾದದ್ದು ಎರಡು ಬಣ್ಣದ ಇಂಕು ಇರುವ ಹಾಳೆ. ಒಂದು ನಿಮ್ಮ ತಂದೆಯವರದ್ದು. ಇನ್ನೊಂದು ಯಾರದ್ದು? ನಾಯಕರದ್ದಾ, ಅವರ ಪಿಎದಾ, ಇಲಾಖೆಯ ಅಧಿಕಾರಿಯದ್ದಾ? ಏನನ್ನು ಹೊಡೆದಿದ್ದಾರೆ? ಊರಿನ ಹೆಸರು ಬಿಟ್ಟಿದ್ದಾರಾ, ಜಾತಿಯ ಮಾತು ತೆಗೆದಿದ್ದಾರಾ, ಭರವಸೆಯ ಮೊತ್ತ ಬದಲಾಯಿಸಿದ್ದಾರಾ? ನಿಮ್ಮ ತಂದೆ ಮಾರ್ಜಿನ್‌ನಲ್ಲಿ ಏನಾದರೂ ಗೊಣಗಿಕೊಂಡಿದ್ದಾರಾ? ಮೇಷ್ಟ್ರುಗಳಿಗೆ ಆ ಅಭ್ಯಾಸ ಇರುತ್ತದೆ. ನನ್ನ ಬೀರುವಿನಲ್ಲಿ ಉಳಿದಿರುವ ಒಂದು ಹಾಳೆಯಲ್ಲಿ ‘ಅಂಕಿ ತಪ್ಪು, ಹೇಳಿದೆ, ಕೇಳಲಿಲ್ಲ’ ಅಂತ ಪೆನ್ಸಿಲಲ್ಲಿ ಬರೆದುಕೊಂಡಿದ್ದೇನೆ. ಅಂಥ ಒಂದು ಹಾಳೆ ಸಿಕ್ಕರೂ ಅದು ನೂರು ಭಾಷಣಕ್ಕೆ ಸಮ. 20 ವರ್ಷ ನಮ್ಮ ಕಡೆ ರಾಜಕೀಯ ಹೇಗೆ ಮಾತಾಡಿತು, ಏನನ್ನು ನುಂಗಿತು ಅನ್ನುವುದು ಅಲ್ಲಿದೆ. ಅದನ್ನು ಹಾಳೆಯ ಚಿತ್ರದ ಸಮೇತ ಹಾಕಿ. ಮುಖಪುಟದ ಮೇಲೆ ನಿಮ್ಮ ತಂದೆಯವರ ಹೆಸರು ತಾನಾಗಿ ಸರಿಹೋಗುತ್ತದೆ.

ಹಾಂ, ಯಾವ ಕರಡು ನಿಜವಾಗಿ ವೇದಿಕೆ ಮೇಲೆ ಹೋಯಿತು ಅಂತ ಗೊತ್ತಿಲ್ಲದಿದ್ದರೆ ‘ಆಡಿದ ಭಾಷಣ’ ಅಂತ ಬರೆಯಬೇಡಿ, ‘ತಯಾರಿಸಿದ ಭಾಷಣ’ ಅನ್ನಿ. ಅಮೆರಿಕದವರೂ ಪತ್ರಿಕೆಗೆ ಕೊಡುವಾಗ ಹಾಗೇ ಹಾಕುತ್ತಾರೆ. ಆಲೂಗೆಡ್ಡೆ ಸಭೆಯ ಕಥೆ ನೆನಪಿಟ್ಟುಕೊಳ್ಳಿ. ಆಗ ಸಭೆಗೆ ಹೋದ ಹಳಬರು ಹಾನುಬಾಳು, ಹೆತ್ತೂರು ಕಡೆ ಇನ್ನೂ ಇದ್ದರೆ ಹೋಗಿ ಕೇಳಿಕೊಂಡು ಬನ್ನಿ. ರೆಕಾರ್ಡ್ ಮಾಡಿಕೊಳ್ಳಿ.

ಈ ಕೆಲಸ ಮಳೆ ಹಿಡಿಯುವ ಮುಂಚೆ ಆಗಬೇಕು. ನಿಮ್ಮೂರ ಮಳೆ ನನಗೆ ಗೊತ್ತು, ಜೂನ್ ಬಂದರೆ ಬೀರುವಿನ ಒಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಮೊದಲು ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ಎಲ್ಲ ನಿಧಾನಕ್ಕೆ ತೆಗೆಯಿರಿ, ತುಕ್ಕು ಹಾಳೆ ತಿನ್ನುತ್ತದೆ. ಕಟ್ಟಿನ ಕ್ರಮ ಕೆಡಿಸಬೇಡಿ. ನಿಮ್ಮ ತಂದೆ ಹೇಗೆ ಜೋಡಿಸಿಟ್ಟಿದ್ದಾರೋ ಹಾಗೇ ಒಂದೊಂದಕ್ಕೂ ನಂಬರ್ ಹಾಕಿದ ಚೀಟಿ ಇಡಿ. ಪ್ರತಿ ಹಾಳೆಯ ಎರಡೂ ಬದಿ ಬೆಳಕಿಗೆ ಹಿಡಿದು ಮೊಬೈಲಲ್ಲಿ ಫೋಟೋ ತೆಗೆಯಿರಿ. ಖಾಲಿ ಅಂತ ಕಂಡರೂ ಹಿಂಬದಿ ಬಿಡಬೇಡಿ. ಪೆನ್ಸಿಲು ಬರಹ ಜಾಸ್ತಿ ಇರುವುದು ಅಲ್ಲೇ.